ಗಾಳಿ ತಳ್ಳಿದ ಬಾಗಿಲು

ಕೆಳಗಿನ ಮನೆ,
ಫೆಬ್ರುವರಿ ಒಂಬತ್ತು, ಭಾನುವಾರ ಮಧ್ಯಾಹ್ನ

ಸಾಕು ಎಂದು ಪತ್ರ ಮುಗಿಸಿರುವ ಅಕ್ಕನಿಗೆ,

ಆ ಮಾತಿನ ಮುಂದೆ ಒಂದು ಚುಕ್ಕೆ ಇಟ್ಟಿದ್ದೀಯ. ಎಷ್ಟು ಒತ್ತಿ ಇಟ್ಟಿದ್ದೀಯೆಂದರೆ ಕಾಗದವನ್ನು ತಿರುಗಿಸಿದರೆ ಬೆರಳಿಗೆ ತಾಗುತ್ತದೆ. ಅದಕ್ಕೆ ಮೊದಲಿರುವುದು ಎರಡೇ ವಾಕ್ಯ. ಮಗಳ ಮದುವೆಯಲ್ಲಿ ಹಾಡು ಗೀಡು ಏನೂ ಇರುವುದಿಲ್ಲ, ಸಭಾಂಗಣದವರಿಗೂ ಹೇಳಿಯಾಗಿದೆ. ನೀನೂ ಇನ್ನು ಮೇಲೆ ಹಾಡಿನ ವಿಷಯ ಬರೆಯಬೇಡ. ಆಮೇಲೆ ಆ ಮಾತು, ಆ ಚುಕ್ಕೆ. ನಿನ್ನ ಪತ್ರದ ಕೊನೆಯ ಮಾತಿನಿಂದ ನನ್ನದು, ನನ್ನದರ ಕೊನೆಯ ಮಾತಿನಿಂದ ನಿನ್ನದು ಶುರುವಾಗಬೇಕು ಎನ್ನುವ ನಮ್ಮ ಹಳೆಯ ನಿಯಮ ನಿನಗೆ ನೆನಪಿತ್ತೋ ಇಲ್ಲವೋ. ನೆನಪಿದ್ದೇ ಹಾಗೆ ಬರೆದಿದ್ದರೆ, ತಮ್ಮ ಸಾಕು ಎನ್ನುವ ಮಾತಿನಿಂದ ಏನನ್ನು ಆರಂಭಿಸಿಯಾನು ಎಂದು ಯೋಚಿಸಿಯೇ ಬರೆದಿರುತ್ತೀಯ. ನೋಡು, ಆರಂಭಿಸಿದ್ದೇನೆ.

ಗಂಟಲು ಹೇಗಿದೆ? ಆಪರೇಷನ್ನಿನ ಗಾಯ ಮಾಗಿದೆ, ಗಟ್ಟಿ ಊಟ ಶುರುವಾಗಿದೆ ಎಂದು ಭಾವ ಫೋನಿನಲ್ಲಿ ಹೇಳಿದರು. ಪಿಸುಮಾತೂ ಬೇಡ, ಅದರಿಂದ ಶ್ರಮ ಇನ್ನೂ ಹೆಚ್ಚು ಎಂದು ಡಾಕ್ಟರು ಗದರಿದರಂತೆ. ಸ್ವರ ವಾಪಸು ಬರುವುದಿಲ್ಲ ಎನ್ನುವುದನ್ನು ಭಾವ ಹೇಳಿದ ರೀತಿ ವಿಚಿತ್ರವಾಗಿತ್ತು: ಬಸ್ಸು ಹೊರಟುಹೋಗಿದೆ, ಇನ್ನು ನಡೆದುಕೊಂಡೇ ಬರಬೇಕು ಎನ್ನುವವರ ಹಾಗೆ. ಆಮೇಲೆ ತಾವೇ ನಗಿಸಲು ನೋಡಿದರು. "ಮೊದಲಾದ್ರೆ ನಿನ್ನಕ್ಕ ಬೈಯೋದು ಕೇಳಿಸ್ತಿತ್ತು, ಕಿವುಡನ ಹಾಗೆ ಇರಬಹುದಿತ್ತು. ಈಗ ಸ್ಲೇಟಲ್ಲಿ ಬರೆದು ಮುಖಕ್ಕೆ ಹಿಡೀತಾಳಪ್ಪ, ಓದದೆ ಬೇರೆ ದಾರಿ ಇಲ್ಲ." ನಾನು ನಕ್ಕೆ. ನಕ್ಕದ್ದು ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಇಲ್ಲಿ ಅಮ್ಮ ಆರಾಮಾಗಿದ್ದಾಳೆ. ಮಂಡಿಯ ವಿಷಯ ಬಿಟ್ಟರೆ ಉಳಿದ ಎಲ್ಲ ವಿಷಯಗಳಲ್ಲೂ ಅವಳದ್ದೇ ಮೇಲುಗೈ. ಮಹಡಿಯ ಮೇಲೆ ಅತ್ತೆಗೆ ಕಿವಿ ಇನ್ನಷ್ಟು ಮಂದವಾಗಿದೆ, ಹಾಗಾಗಿ ಅವರ ರೇಡಿಯೋದ ತಮಿಳು ಹಾಡು ಇನ್ನಷ್ಟು ಜೋರಾಗಿದೆ. ಅಮ್ಮ ನೆಲ ಒರೆಸುವ ಕೋಲಿನಿಂದ ಸೂರು ಕುಟ್ಟುತ್ತಾಳೆ. ಅದು ಅತ್ತೆಗೆ ಕೇಳಿಸುವುದಿಲ್ಲ. ಕೇಳಿಸಿದ ದಿನ ತಾಳ ಹಾಕುತ್ತಿದ್ದಾಳೆ ಎಂದು ತಿಳಿದುಕೊಳ್ಳುತ್ತಾರೆ. ಸಂಜೆ ಮೆಟ್ಟಿಲ ಮೇಲೆ ಇಬ್ಬರೂ ಒಂದೇ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿಕೊಂಡು, ಬೆಳಿಗ್ಗೆಯ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಮಾವ ಈ ತಮಿಳು ಹುಡುಗಿಯನ್ನು ಮದುವೆಯಾಗಿ ಮೇಲಿನ ಮನೆಗೆ ಕರೆತಂದ ದಿನದಿಂದ ನಡೆದುಬಂದ ಜಗಳ ಅದು. ಮಾವ ಹೋದರು, ಅಪ್ಪ ಹೋದರು, ಜಗಳ ಗಟ್ಟಿಮುಟ್ಟಾಗಿದೆ.

ಅಪ್ಪನ ಚಕ್ರವನ್ನು ಮೊನ್ನೆ ಒರೆಸಿ ಇಟ್ಟೆ. ಕನ್ನಡಕದ ಗಾಜು ಉಜ್ಜುತ್ತಿದ್ದ ಆ ಮೂಲೆಯಲ್ಲಿ ಈಗ ನನ್ನ ಮೇಜಿದೆ. ಆದರೆ ಚಕ್ರವನ್ನು ಎತ್ತಿ ಆಚೆ ಇಡುವ ಮನಸ್ಸು ಯಾರಿಗೂ ಬಂದಿಲ್ಲ. ನಿನಗೆ ನೆನಪಿರಬೇಕು: ಚಕ್ರ ತಿರುಗುವಾಗ ಒಂದು ಒದ್ದೆಯಾದ, ಒಂದೇ ಸಮನಾದ ಸದ್ದು ಮನೆ ತುಂಬುತ್ತಿತ್ತು. ಮೇಲಿನಿಂದ ಅತ್ತೆಯ ಹಾಡು ಸೂರು ದಾಟಿ ಬಂದರೆ ಆ ಸದ್ದು ಅದರ ಮಾತನ್ನೆಲ್ಲ ನುಂಗಿ ರಾಗವನ್ನು ಮಾತ್ರ ಬಿಡುತ್ತಿತ್ತು. ನಾವಿಬ್ಬರು ಮೆಟ್ಟಿಲ ಮೇಲೆ ಕೂತು ಮಾತನ್ನು ಕೇಳಿದೆವು. ಅಪ್ಪ ಚಕ್ರದ ಮುಂದೆ ಕೂತು ರಾಗವನ್ನು ಕೇಳಿದರು. ಒಂದೇ ಮನೆಯಲ್ಲಿ ನಾವು ಬೇರೆ ಬೇರೆ ಹಾಡುಗಳನ್ನು ಕೇಳುತ್ತ ಬೆಳೆದೆವು ಎಂದು ನನಗೆ ಈಚೆಗೆ ಅನ್ನಿಸುತ್ತದೆ. ಅಪ್ಪನಿಗೆ ಹಾಡು ಎಂದರೆ ಒಂದು ವೇಗ. ಗಾಜು ಸರಿಯಾಗಿ ಬಂದ ದಿನ ಅದನ್ನು ಬೆಳಕಿಗೆ ಹಿಡಿದು ಒಂದೇ ಒಂದು ಮಟ್ಟನ್ನು ಸಿಳ್ಳೆ ಹಾಕುತ್ತಿದ್ದರು. ಅದು ಯಾವುದೆಂದು ಹೇಳಬೇಕಾಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅತ್ತೆ ನಮಗೆ ಅರ್ಥ ಹೇಳುತ್ತಿದ್ದ ಕ್ರಮ ಯಾವ ಮೇಷ್ಟರ ಕ್ರಮವೂ ಆಗಿರಲಿಲ್ಲ. ಹಾಡು ಮುಗಿಯುವ ತನಕ ಬಾಯಿ ತೆರೆಯಬಾರದು. ಮುಗಿದ ಮೇಲೆ ಒಂದೇ ಒಂದು ಮಾತಿನ ಅರ್ಥ ಕೇಳಬಹುದು. ಎರಡನೆಯದು ನಾಳೆಗೆ. ಹೀಗಾಗಿ ಒಂದು ಪಲ್ಲವಿ ನಮಗೆ ಅರ್ಥವಾಗಲು ವಾರಗಳು ಹಿಡಿಯುತ್ತಿದ್ದವು, ಮಧ್ಯದ ದಿನಗಳಲ್ಲಿ ಅರ್ಧ ಕಟ್ಟಿದ ಮನೆಯೊಳಗೆ ಓಡಾಡಿದ ಹಾಗೆ ಇರುತ್ತಿತ್ತು. ಪ್ರಾಸವನ್ನು ಕಲಿಸಿದ್ದೂ ಹಾಗೆಯೇ. "ಮೊದಲಕ್ಷರ ಯಾರು ಬೇಕಾದ್ರೂ ನೋಡ್ತಾರೆ ಕಣ್ಣು. ಎರಡನೇ ಅಕ್ಷರ ನೋಡು. ಅಲ್ಲೇ ಕೂತಿರ್ತಾನೆ ಬರೆದೋನು." ಸಾಲು ಸಾಲಿನ ಎರಡನೆಯ ಅಕ್ಷರ ಒಂದಕ್ಕೊಂದು ಕೈ ಹಿಡಿದುಕೊಂಡು ನಿಂತಿರುವುದನ್ನು ನಾವು ಕಂಡುಹಿಡಿದ ದಿನ, ನಮ್ಮ ಹಳಗನ್ನಡದವರೂ ಹೀಗೇ ಮಾಡುತ್ತಿದ್ದರೆಂದು ಶಾಲೆಯ ಪುಸ್ತಕ ತಂದು ನೀನು ಅತ್ತೆಗೆ ತೋರಿಸಿದೆ. ಅತ್ತೆ ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಹಾಗಾದ್ರೆ ನೀವೂ ನಮ್ಮೋರೇ" ಎಂದರು. ಕೆಳಗಿನಿಂದ ಅಮ್ಮ, "ಕಣ್ಣು ಮೂಗು ಅಂತ ಮುದ್ದು ಮಾಡಿ ನನ್ನ ಮಕ್ಕಳನ್ನ ಎತ್ಕೊಂಡು ಹೋಗ್ತಾಳೆ ಇವಳು" ಎಂದಳು. ಅತ್ತೆಗೆ ಆಗ ಕಿವಿ ಚುರುಕಾಗಿತ್ತು. "ಎತ್ಕೊಂಡು ಹೋಗೋಕೆ ನಿಮ್ಮ ಮಕ್ಕಳು ಹಗುರ ಇಲ್ಲ ಅತ್ತಿಗೆ, ಎರಡು ಹೊತ್ತೂ ನೀವೇ ಬಡಿಸ್ತೀರಲ್ಲ."

ಅಂತಾದಿ ಶುರುವಾದದ್ದು ಆಗಲೇ. ಒಂದು ಸಾಲಿನ ಕೊನೆಯ ಮಾತೇ ಮುಂದಿನ ಸಾಲಿನ ಮೊದಲ ಮಾತು. ತಮಿಳಿನಲ್ಲಿ ಅದು ಬಹಳ ಹಳೆಯ ಕಟ್ಟು, ಸಿನಿಮಾದವರು ಆಗಾಗ ಎರವಲು ತರುತ್ತಾರೆ ಎಂದು ಅತ್ತೆ ಹೇಳಿದರು. ನಮಗೆ ಹಳೆಯದು ಹೊಸದು ಬೇಕಿರಲಿಲ್ಲ, ಆಟ ಬೇಕಿತ್ತು. "ಊಟಕ್ಕೆ ಬನ್ನಿ" ಎಂದು ಅಮ್ಮ ಕರೆದರೆ "ಬನ್ನಿ ಅಂದ್ರೆ ಏನಿದೆ ಇವತ್ತು" ಎಂದು ನೀನು, "ಇವತ್ತು ನಿಮ್ಮ ತಲೆ ಇದೆ" ಎಂದು ಅವಳು, "ಇದೆ ಅಂದಮೇಲೆ ಬಡಿಸು" ಎಂದು ನಾನು. ಕೋಪದಲ್ಲೂ ಅಮ್ಮ ನಿಯಮ ತಪ್ಪದೆ ಉತ್ತರಿಸಿಬಿಟ್ಟಿದ್ದಳು ಎಂದು ಗೊತ್ತಾಗಿ ಮನೆಯೆಲ್ಲ ನಕ್ಕಿತು. "ಮಕ್ಕಳ ಮಾತಿಗೆ ಬಾಲ ಕಟ್ಟಿದಳು ಮಹಾರಾಯಿತಿ, ಈಗ ನನಗೂ ಮೊಳೀತಾ ಇದೆ" ಎಂದು ಅಮ್ಮ ಮೆಟ್ಟಿಲ ಕಡೆ ನೋಡಿದಳು. ಅತ್ತೆಗೆ ಆಟಕ್ಕಿಂತ ಅದರ ನಡತೆ ಮುಖ್ಯವಾಗಿತ್ತು. ಹಿಡಿಯಲಾಗದ ಮಾತನ್ನು ಕೊನೆಗಿಟ್ಟು ನಾನು ಗೆಲ್ಲಲು ಹೋದಾಗೆಲ್ಲ, "ಕೊನೇ ಮಾತು ನಿಂದಲ್ಲ ಕಣ್ಣು, ಮುಂದಿನವರದು. ಅವರು ಹಿಡ್ಕೊಳ್ಳೋ ಹಾಗೆ ಬಿಟ್ಟುಕೊಡು" ಎನ್ನುತ್ತಿದ್ದರು. ನೀನು ಮದುವೆಯಾಗಿ ಹೋದ ಮೇಲೆ ಆ ಆಟ ನಮ್ಮ ಪತ್ರಗಳಿಗೆ ಇಳಿಯಿತು. ಫೋನು ಬಂದ ಮೇಲೂ ಪತ್ರ ನಿಲ್ಲಲಿಲ್ಲ. ಅದಕ್ಕೆ ಪ್ರೀತಿ ಎಷ್ಟು ಕಾರಣವೋ, ಸರಪಳಿ ತನ್ನ ಕೈಯಲ್ಲಿ ಕಡಿಯಬಾರದು ಎನ್ನುವ ಹಟವೂ ಅಷ್ಟೇ ಕಾರಣ ಎಂದು ಕಾಣುತ್ತದೆ.

ನಾವಿಬ್ಬರೂ ಹಾಡಿನಲ್ಲೇ ಹೊಟ್ಟೆ ಹೊರೆದುಕೊಂಡೆವು, ಆದರೆ ಯಾರ ಕಣ್ಣಿಗೂ ಬೀಳದ ಮೂಲೆಗಳಲ್ಲಿ. ನೀನು ಟ್ರ್ಯಾಕ್ ಹಾಡಿದೆ. ದೊಡ್ಡ ಗಾಯಕಿ ಬರುವ ಮೊದಲು ನೀನು ಹಾಡಿಟ್ಟು ಹೋಗಬೇಕು, ಅವರು ಅದನ್ನು ಕೇಳಿ ಕಲಿತು ಹಾಡಬೇಕು, ಆಮೇಲೆ ನಿನ್ನದನ್ನು ಅಳಿಸಬೇಕು. ನಾನು ಇನ್ನೂ ಡಬ್ಬಿಂಗ್ ಚಿತ್ರಗಳ ಹಾಡಿಗೆ ಕನ್ನಡದ ಮಾತು ಕೂರಿಸುತ್ತಿದ್ದೇನೆ. ಸದ್ದು ತೆಗೆದು ತೆರೆಯ ಮೇಲಿನ ತುಟಿಗಳನ್ನು ನೋಡುತ್ತ ಕೂರುತ್ತೇನೆ. ತಮಿಳಿನ ತುಟಿ ಮುಚ್ಚಿಕೊಂಡ ಕಡೆ ಕನ್ನಡದ ಪ, ಬ, ಮ ಯಾವುದಾದರೂ ಬೀಳಲೇಬೇಕು. ತೆರೆದ ಬಾಯಿಗೆ ಮುಚ್ಚಿದ ಅಕ್ಷರ ಬಂದರೆ ಹಾಡುತ್ತಿರುವವಳು ಸುಳ್ಳು ಹೇಳುತ್ತಿರುವಂತೆ ಕಾಣುತ್ತದೆ. ಎರಡೂ ಭಾಷೆ ಅಕ್ಕತಂಗಿಯರ ಹಾಗೆ ಒಂದೇ ಮುಖ ಹೊತ್ತಿರುವುದರಿಂದ ಕೆಲಸ ಸುಲಭ ಎಂದು ಜನ ತಿಳಿಯುತ್ತಾರೆ. ಅಕ್ಕತಂಗಿಯರ ಉಡುಪು ಅದಲು ಬದಲು ಮಾಡಿ ನೋಡಿದವರಿಗೆ ಗೊತ್ತು, ತೋಳೇ ಸರಿಹೋಗುವುದಿಲ್ಲ. ಅವರ ಕ್ರಿಯಾಪದದ ಬಾಲದಲ್ಲೇ ನಾನೋ ನೀನೋ ಎಂದು ಇತ್ಯರ್ಥವಾಗಿರುತ್ತದೆ. ನಮ್ಮಲ್ಲಿ ಬಂದೆ ಎಂದರೆ ಬಂದವನು ನಾನೂ ಆಗಬಹುದು, ನೀನೂ ಆಗಬಹುದು. ನಿರ್ದೇಶಕರು ಈ ಗೊಂದಲ ಬೇಡ ಎನ್ನುತ್ತಾರೆ. ನಾನು ಎಷ್ಟೋ ಹಾಡುಗಳಲ್ಲಿ ಅದನ್ನು ಗುಟ್ಟಾಗಿ ಉಳಿಸಿದ್ದೇನೆ.

ನಿನ್ನ ಮದುವೆಯ ದಿನಕ್ಕೆ ಬರುತ್ತೇನೆ. ಬೇಡ ಎಂದು ನೀನು ಸ್ಲೇಟು ಎತ್ತಿದರೂ ನನಗೆ ಇಲ್ಲಿಂದ ಕಾಣುವುದಿಲ್ಲ. ಊಟದ ಪಂಕ್ತಿ ಕೂತಿತ್ತು. ಬಾಡಿಗೆ ಕೋಟಿನಲ್ಲಿ ಅರ್ಧ ಮುಳುಗಿದ್ದ ಅಪ್ಪ ವಾದ್ಯದವರ ಹತ್ತಿರ ಹೋಗಿ, ಕ್ಲಾರಿನೆಟ್ ನುಡಿಸುವವನ ಕಿವಿಯಲ್ಲಿ ತಮ್ಮ ಮಟ್ಟನ್ನು ಸಿಳ್ಳೆ ಹಾಕಿದರು. ಅವನು ಕ್ಲಾರಿನೆಟ್ ಕೆಳಗಿಳಿಸಿ ಕೇಳಿದ್ದು ನನಗೆ ಕೇಳಿಸಿತು: "ಇದಾ ಯಜಮಾನ್ರೇ? ಖಂಡಿತಾನಾ?" "ಇದೇ. ನನ್ನ ಮಗಳಿಗೆ ಇದೇ ಆಗಬೇಕು." ಅವನು ಒಮ್ಮೆ ಸುತ್ತ ನೋಡಿ, ಕಾಸು ಕೊಡುವವರ ಇಷ್ಟ ಎನ್ನುವಂತೆ ಭುಜ ಕುಣಿಸಿ, ಶುರುಮಾಡಿದ. ಅತ್ತೆಯ ಕಡೆಯವರು ಕೂತಿದ್ದ ಸಾಲಿನಲ್ಲಿ ಕೈಗಳು ಬಾಯಿಯ ಹತ್ತಿರ ಹೋದವು, ಹಾಗೇ ನಿಂತವು. ಗಂಡನನ್ನು ಕಳೆದುಕೊಂಡವಳು ಖಾಲಿ ಮನೆಯಲ್ಲಿ ಹಾಡುವ ಹಾಡು ಅದು ಎಂದು ಆ ಸಾಲಿಗೆಲ್ಲ ಗೊತ್ತು. ನಮಗಿಬ್ಬರಿಗೂ ಗೊತ್ತು. ಅಷ್ಟು ವರ್ಷ ಅದರ ವೇಗಕ್ಕೆ ಗಾಜು ಉಜ್ಜಿದ ಅಪ್ಪನಿಗೆ ಮಾತ್ರ ಗೊತ್ತಿಲ್ಲ. ಅವರು ಕೈ ಹಿಂದೆ ಕಟ್ಟಿಕೊಂಡು, ಹಿಮ್ಮಡಿ ಎತ್ತಿ ಇಳಿಸುತ್ತ, ಇಡೀ ಸಭಾಂಗಣದಲ್ಲಿ ಅತ್ಯಂತ ಸುಖಿಯಾದ ಮನುಷ್ಯನಾಗಿ ನಿಂತಿದ್ದರು.

ಆ ಹಾಡಿನ ಕಟ್ಟನ್ನು ನಾನು ಇವತ್ತಿಗೂ ಬೆರಗಿನಿಂದ ನೋಡುತ್ತೇನೆ. ನಾಲ್ಕೇ ಸಾಲು, ನಾಲ್ಕೂ ಅಂತಾದಿಯಲ್ಲಿ. ನೀನು ಹೋದೆ, ತೆರೆದೇ ಉಳಿಯಿತು ಬಾಗಿಲು. ಬಾಗಿಲಲ್ಲೀಗ ಬಂದು ಹೋಗುವುದು ಗಾಳಿ. ಗಾಳಿ ಆರಿಸಿ ನಡೆಯಿತು ಇದ್ದೊಂದು ದೀಪ. ದೀಪವಿರದ ಮನೆಯಲ್ಲಿ ನನಗಿಲ್ಲ ನೆರಳು. ತಮಿಳಿನಲ್ಲಿ ಇವು ವಾಸಲ್, ಕಾಟ್ರು, ವಿಳಕ್ಕು, ನಿಳಲ್: ಮಾತು ಕಲಿಯುವ ಮಕ್ಕಳೂ ಅನ್ನುವ ಮಾತುಗಳು. ಉಪಮೆ ಇಲ್ಲ, ಕಣ್ಣೀರಿಲ್ಲ, ಸತ್ತವನ ಸುದ್ದಿಯೇ ಇಲ್ಲ. ಒಂದೊಂದು ಸಾಲೂ ಹಿಂದಿನದರ ಕೈಯಿಂದ ಏನನ್ನೋ ತೆಗೆದುಕೊಂಡು ಕಳೆದುಬಿಡುತ್ತದೆ, ಕೊನೆಗೆ ಅವಳ ನೆರಳೂ ಉಳಿಯುವುದಿಲ್ಲ. "ಅಳೋ ಹಾಡಲ್ಲಿ ಅಳು ಅನ್ನೋ ಮಾತು ಇರಬಾರದು, ಅದು ಕೇಳೋರ ಪಾಲು" ಎಂದು ಅತ್ತೆ ಹೇಳಿದ್ದು ಇದೇ ಹಾಡಿಗೆ. ಬೇರೆ ಭಾಷೆಯವರು ತಮಿಳು ಹಾಡಿನ ರಾಗ ಹೊಗಳಿ ಎದ್ದು ಹೋಗುವಾಗ ನನಗೆ ಅಪ್ಪನ ಚಕ್ರದ ಸದ್ದು ಕೇಳಿಸುತ್ತದೆ.

ಅತ್ತೆ ಎದ್ದರು. ನಿನ್ನ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು. ಮೈಕು ಇರಲಿಲ್ಲ, ಕೇಳಲೂ ಇಲ್ಲ. ವಾದ್ಯ ಎರಡನೇ ಸಲ ಪಲ್ಲವಿಗೆ ಬಂದಾಗ ಅದೇ ಮಟ್ಟಿಗೆ ತಮ್ಮದೇ ಮಾತು ಕಟ್ಟಿ ಹಾಡಿದರು. ಹಾಡಿನ ಕೊನೆಯ ಮಾತು ನೆರಳು ಅಲ್ಲವೇ, ಅಲ್ಲಿಂದ ಹಿಡಿದುಕೊಂಡು ಹಿಂದಕ್ಕೆ ನಡೆದರು, ತಪ್ಪಾಗಿ ಹೆಣೆದ ದಾರವನ್ನು ಬಿಚ್ಚುವವರ ಹಾಗೆ. ನೆರಳು ಜೊತೆಗೆ ನಡೆದು ಬಂತು, ಹಿಡಿದುಕೊಂಡು ದೀಪ. ದೀಪ ಕಂಡು ಮೆಲ್ಲಗಾಯಿತು ಗಾಳಿ. ಗಾಳಿ ಬೆರಳ ತುದಿಯಲ್ಲಿ ತಳ್ಳಿತು ಬಾಗಿಲು. ಕಳೆದದ್ದೆಲ್ಲ ಒಂದೊಂದಾಗಿ ಆ ಮನೆಗೆ ವಾಪಸು ಬರುತ್ತಿತ್ತು. ಅಷ್ಟರಲ್ಲಿ ಕ್ಲಾರಿನೆಟ್ಟಿನವನು, ಅಪಾಯ ಕಳೆಯಿತು ಎಂದುಕೊಂಡನೋ ಏನೋ, ಜೋರಾಗಿ ಎತ್ತಿದ. ಅತ್ತೆಯ ಕಡೆಯವರ ಸಾಲು ಚಪ್ಪಾಳೆಗೆ ಶುರುಮಾಡಿತು. ಪ್ರವೇಶದ್ವಾರದ ಹತ್ತಿರ ನೀರಿನ ಲೋಟ ಜೋಡಿಸುತ್ತಿದ್ದ ನನಗೆ ನಾಲ್ಕನೆಯ ಸಾಲು ಕೇಳಿಸಲಿಲ್ಲ. ಕಂಡದ್ದು ಇಷ್ಟು: ಬೆಳಗ್ಗಿನಿಂದ ತಲೆ ಬಗ್ಗಿಸಿ ಕೂತಿದ್ದ ನೀನು ತಲೆ ಎತ್ತಿ ಅತ್ತೆಯನ್ನು ನೋಡಿದೆ, ಹಲ್ಲು ಕಾಣುವ ಹಾಗೆ ನಕ್ಕೆ. ಅಪ್ಪ ನನ್ನ ಹತ್ತಿರ ಬಂದು, "ನೋಡಿದ್ಯಾ? ಹೇಳಿರಲಿಲ್ವಾ, ಮದುವೆಗೆ ಹೇಳಿ ಮಾಡಿಸಿದ ಹಾಡು" ಎಂದರು. ಯಾರೂ ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೂ, ಆ ದಿನದ ಮಟ್ಟಿಗೆ ಅವರ ಮಾತೇ ನಿಜವಾಗಿತ್ತು.

ನೀನು ಸಾಕು ಎಂದು ಬರೆದದ್ದು ನನಗೆ ಅರ್ಥವಾಗದೆ ಇಲ್ಲ. ನಿನ್ನೊಳಗೆ ಹಾಡು ಮತ್ತು ಗಂಟಲು ಒಂದೇ ಕೋಣೆಯಲ್ಲಿ ವಾಸವಿದ್ದವು, ಒಂದು ಖಾಲಿಯಾದರೆ ಇನ್ನೊಂದಕ್ಕೆ ಬೀಗ ಹಾಕಬೇಕು ಅನ್ನಿಸುತ್ತದೆ. ನಾನು ಸಮಾಧಾನ ಹೇಳುವುದರಲ್ಲಿ ದಡ್ಡ, ನಿನಗೇ ಗೊತ್ತು. ಬೇರೇನೋ ನೆನಪಾಗುತ್ತದೆ. ನಿಳಲ್ ಎನ್ನುವಾಗ ಅತ್ತೆ ನಾಲಗೆಯನ್ನು ಮಡಿಚಿ ಎಲ್ಲಿಗೂ ತಾಗಿಸದೆ ತೇಲಿಸುತ್ತಿದ್ದರಲ್ಲ, ಆ ಅಕ್ಷರ ನನಗೆ ಎಷ್ಟು ತಿಣುಕಿದರೂ ಬರಲಿಲ್ಲ, ನಿನಗೆ ಮೊದಲ ದಿನವೇ ಬಂತು. ಕನ್ನಡದಲ್ಲೂ ಅದು ಹಿಂದೆ ಇತ್ತು, ನೂರಾರು ವರ್ಷದ ಹಿಂದೆ ಬಿಟ್ಟುಹೋಯಿತು. ಅದಿಲ್ಲದೆಯೂ ನಾವು ನೆರಳು ಎನ್ನುತ್ತೇವೆ, ನೆರಳಿನಲ್ಲಿ ಕೂರುತ್ತೇವೆ. ಇದರಿಂದ ಏನಾದರೂ ಸಾಬೀತಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ತುಟಿಗಳನ್ನು ನೋಡುತ್ತ ಕೂತಾಗ ಬಂದ ಯೋಚನೆ. ಇನ್ನೊಂದು: ಒಮ್ಮೆ ಸ್ಟುಡಿಯೋದಿಂದ ಬಂದು ಚಪ್ಪಲಿ ಬಿಡುತ್ತ ನೀನೇ ಅಂದಿದ್ದೆ, "ಇವತ್ತು ನನ್ನದನ್ನ ಅಳಿಸಿದ್ರು. ಹೋಗ್ಲಿ ಬಿಡು, ಮಾತು ಹಾಗೇ ಇತ್ತಲ್ಲ."

ಭಾವನಿಗೆ ನಮಸ್ಕಾರ ತಿಳಿಸು, ಸ್ಲೇಟಿನ ಮೂಲೆಯಲ್ಲಿ ಬರೆದರೂ ಸಾಕು. ಅಮ್ಮ ನಿನಗೆ ಬೆಚ್ಚಗೆ ಹೊದ್ದುಕೊಳ್ಳಲು ಹೇಳಿದ್ದಾಳೆ. ಬಿಸಿಲು ಸುಡುತ್ತಿದೆ ಎಂದರೆ ಕೇಳುವುದಿಲ್ಲ. ಅತ್ತೆ ಏನೂ ಹೇಳಿ ಕಳಿಸಲಿಲ್ಲ, ಪತ್ರ ಬರೆಯುತ್ತಿದ್ದೇನೆ ಎಂದಾಗ ಹಾಡನ್ನು ತಗ್ಗಿಸಿದರು. ಕೈ ನೋಯದಷ್ಟು ಬರೆ.

ನಿನ್ನ ಬಾಲ ಹಿಡಿದುಕೊಂಡೇ ಇರುವ,
ತಮ್ಮ

ಲಕೋಟೆ ಅಂಟಿಸುವ ಮೊದಲು: ನಿನ್ನ ಮಗಳು ಗುರುವಾರ ಸ್ಟುಡಿಯೋಗೆ ಬಂದಿದ್ದಳು. ನಿನಗೆ ಹೇಳಬೇಡ ಎಂದಳು, ಹಾಗಾಗಿ ಬರೆಯುತ್ತಿದ್ದೇನೆ. ಅವಳ ಮದುವೆಯಲ್ಲಿ ಅತ್ತೆಯ ಆ ನಾಲ್ಕು ಸಾಲು ಬೇಕಂತೆ, ವಾದ್ಯ ಬೇಡ, ತಾನೇ ಹಾಡುತ್ತಾಳಂತೆ. ನಿನ್ನಮ್ಮನ ಮನಸ್ಸಿಗೆ ನೋವಾಗುತ್ತದಲ್ಲವೇ ಎಂದೆ. "ಅಮ್ಮನ ಗಂಟಲನ್ನ ಯಾರು ಕೇಳಿದ್ರು ಮಾವ? ನಂಗೆ ಬೇಕಾಗಿರೋದು ಸಾಲು. ನಾನು ಕೆಟ್ಟದಾಗೇ ಹಾಡ್ತೀನಿ, ಅಮ್ಮ ಎದುರಿಗೆ ಕೂತು ಮುಖ ಸಿಂಡರಿಸ್ಲಿ" ಎಂದಳು. ಮೂರು ಸಾಲು ಹೇಳಿಕೊಟ್ಟೆ. ನಿಜಕ್ಕೂ ಕೆಟ್ಟದಾಗಿ ಹಾಡುತ್ತಾಳೆ, ಆದರೆ ನಿಳಲ್ ಎನ್ನುವಾಗ ಅವಳ ನಾಲಗೆ ಎಲ್ಲಿಗೂ ತಾಗುವುದಿಲ್ಲ. ಮೂರನೆಯದರ ಕೊನೆಗೆ ಬಂದು ನಿಂತುಬಿಡುತ್ತಾಳೆ. ನಾಲ್ಕನೆಯದನ್ನು ಅತ್ತೆಯನ್ನು ಕೇಳಿದೆ. "ಬಾಯಿಗೆ ಬಂತು, ಕೊಟ್ಟೆ. ಕೊಟ್ಟಮೇಲೆ ನಂದಲ್ಲ, ಅವಳನ್ನ ಕೇಳು" ಎಂದರು. ಹೊಸದೊಂದು ಕಟ್ಟಿಕೊಡಿ ಎಂದರೆ ಅದು ಬೇರೆ ಹುಡುಗಿಯ ಹಾಡಾಗುತ್ತದೆ ಎನ್ನುತ್ತಾರೆ. ಭಾವ ನಿನ್ನ ಪಕ್ಕದಲ್ಲೇ ಕೂತಿದ್ದರಲ್ಲ ಎಂದು ಫೋನು ಮಾಡಿದರೆ, ಆ ಹೊತ್ತಿಗೆ ಹೊಸ ಶೂ ಕಚ್ಚುತ್ತಿತ್ತಂತೆ, ಬೇರೇನೂ ನೆನಪಿಲ್ಲವಂತೆ. ಅದು ಈಗ ಇರುವುದು ನಿನ್ನ ಹತ್ತಿರ ಒಂದೇ ಕಡೆ, ಅದನ್ನು ಬರೆಯಲು ಧ್ವನಿ ಬೇಕಾಗಿಲ್ಲ. ಗಾಳಿ ಬೆರಳ ತುದಿಯಲ್ಲಿ ತಳ್ಳಿತಲ್ಲ, ನೀನು ತಲೆ ಎತ್ತಿ ನಕ್ಕೆಯಲ್ಲ, ಆಮೇಲೆ ಏನು ಮಾಡಿತು, ಅಕ್ಕ, ಆ ಬಾಗಿಲು?